ಮೆಣಸಿನ ದರ ಕೇಳಲು ಹೋಗಿ ಎಂಬಿಎ ಓದಿದ್ದು

ಬ್ಯಾಂಕಾಕ್‌ನಲ್ಲಿ ಎಂಬಿಎ ಅಂದಾಗ ಶಿವಮೊಗ್ಗದಲ್ಲಿ ಹೆಚ್ಚಿನವರು ಕೇಳಿದ್ದು, “ಯಾಕೆ, ಅಮೆರಿಕಾ ಸಿಗ್ಲಿಲ್ವಾ?” ಎರಡನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಅಡಿಕೆ ರೇಟು ಏರಿದ ವರ್ಷ ನಮ್ಮ ಕಡೆಯ ಗಂಡಸರು ಗುಂಪು ಕಟ್ಟಿಕೊಂಡು ಹೋಗಿ ಬರುವ ಊರು ಅದು. ಬಂದ ಮೇಲೆ ದೇವಸ್ಥಾನದ ಫೋಟೊ ಮಾತ್ರ ತೋರಿಸುತ್ತಾರೆ. ಅಲ್ಲಿಗೆ ಓದಲು ಹೋಗುವವರೂ ಇದ್ದಾರೆ, ಅದೂ ತೀರ್ಥಹಳ್ಳಿ ಕಡೆಯ ಹುಡುಗಿ ಅನ್ನುವುದು ಯಾರಿಗೂ ಪಚನವಾಗಲಿಲ್ಲ.

ನನಗೆ ಕಾರಣ ಸ್ಪಷ್ಟವಿತ್ತು. ಬಿ.ಕಾಂ. ಮುಗಿಸಿ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ರಾಶಿ, ಸರಕು, ಬೆಟ್ಟೆ, ಗೊರಬಲು ಎಂದು ಚೀಲ ಬೇರೆಯಾಗಿ ಟೆಂಡರಿಗೆ ಬೀಳುವುದು, ಬೆಳೆಗಾರರು ಬೆಳೆ ಬರುವ ಮೊದಲೇ ಎತ್ತಿದ ಮುಂಗಡ, ಅದರ ಬಡ್ಡಿ, ‘ಇನ್ನೊಂದು ತಿಂಗಳು ಇಟ್ಟು ನೋಡುವ’ ಎಂದು ಗೋದಾಮಿನಲ್ಲಿ ಬಿಟ್ಟುಹೋದ ಮಾಲು, ಇಷ್ಟೇ ನನ್ನ ಜಗತ್ತು. ಮನೆಯಲ್ಲಿ ಅಡಿಕೆ ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಅದರ ದರ ಬಿದ್ದ ವರ್ಷಗಳಲ್ಲಿ ಅಪ್ಪಯ್ಯ ಹೇಳುತ್ತಿದ್ದದ್ದು ಒಂದೇ ಮಾತು: “ವಿಯೆಟ್ನಾಮಿಂದ ಬಂದು ಬೀಳ್ತಾ ಉಂಟು. ಅವ್ರಿಗೆ ಅಷ್ಟು ಕಮ್ಮಿಗೆ ಹೆಂಗೆ ಕಟ್ತದೆ ಅಂತ ಒಬ್ರೂ ಹೇಳದಿಲ್ಲ.” ಮಂಡಿಯಲ್ಲಿ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಕೊಚ್ಚಿಯ ದರ ಫೋನಿನಲ್ಲಿ ಬರುತ್ತಿತ್ತು, ಅದರ ಹಿಂದಿನ ಕಥೆ ಬರುತ್ತಿರಲಿಲ್ಲ. ಆಗ್ನೇಯ ಏಷ್ಯಾದ ಮಾರುಕಟ್ಟೆಗಳನ್ನೇ ವಿಷಯವಾಗಿಟ್ಟುಕೊಂಡ ಕೋರ್ಸು ಕಣ್ಣಿಗೆ ಬಿದ್ದಾಗ ನನ್ನನ್ನು ಹಿಡಿದದ್ದು ಅದರ ಕೊನೆಯ ಭಾಗ. ಬ್ಯಾಂಕಾಕ್‌ನಲ್ಲಿ ಮುಖ್ಯ ಪಾಠ, ಕ್ವಾಲಾಲಂಪುರದಲ್ಲಿ ಕೆಲವು ವಾರ, ಆಮೇಲೆ ವಿಯೆಟ್ನಾಂನಲ್ಲಿ ತಂಡವಾಗಿ ಒಂದು ಸರಕಿನ ಅಧ್ಯಯನ. ಫೀಸು ಅಮೆರಿಕದ ಮುಂದೆ ಏನೂ ಅಲ್ಲ.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಈಗ ಚಿಕ್ಕದಾಗಿದೆ. ಮೂರು ಭಾಗ, ಒಂದೊಂದಕ್ಕೆ 45 ನಿಮಿಷ, ಒಟ್ಟು 64 ಪ್ರಶ್ನೆ. ಹಳೆಯ ಪುಸ್ತಕ ಇಟ್ಟುಕೊಂಡು ವ್ಯಾಕರಣದ ಪ್ರಶ್ನೆ ಉರುಹೊಡೆಯುವವರು ಗಮನಿಸಿ, ಆ ಭಾಗವನ್ನೇ ತೆಗೆದುಹಾಕಿದ್ದಾರೆ. ಮಂಡಿಯಲ್ಲಿ ಕೂತವಳಿಗೆ ಲೆಕ್ಕ ಕಷ್ಟವಾಗಲಿಲ್ಲ. ಇಂಗ್ಲಿಷಿಗೆ ಐಇಎಲ್‌ಟಿಎಸ್. ಸಂದರ್ಶನ ಆನ್‌ಲೈನ್‌ನಲ್ಲಿ. ಮಳೆಗಾಲದಲ್ಲಿ ನಮ್ಮ ಮನೆಯ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವ ಹಾಗಿಲ್ಲ, ಹಾಗಾಗಿ ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕೂತು ಮಾತಾಡಿದೆ. ಪಕ್ಕದ ಕೋಣೆಯಲ್ಲಿ ಚಿಕ್ಕಪ್ಪ ಟಿವಿ ಆಫ್ ಮಾಡಿ ಉಸಿರು ಬಿಗಿಹಿಡಿದು ಕೂತಿದ್ದರಂತೆ.

ಕಾಗದದ ಕೆಲಸದ ಬಗ್ಗೆ ಮಾತ್ರ ಬರೆಯಲೇಬೇಕು, ಯಾಕೆಂದರೆ ನಮ್ಮ ಕಡೆಯ ಮಕ್ಕಳು ಅಲ್ಲೇ ಸಿಕ್ಕಿಬೀಳುವುದು. ಕುವೆಂಪು ವಿಶ್ವವಿದ್ಯಾಲಯದ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ಪತ್ರ, ಇವಕ್ಕೆ ಶಂಕರಘಟ್ಟಕ್ಕೆ ಹೋಗಬೇಕು. ಆಮೇಲೆ ದೃಢೀಕರಣ. ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ಹಾಗೇ ಒಪ್ಪುವ ಹೇಗ್ ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ, ಸಿಂಗಾಪುರ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕೂಡ ಸೇರಿವೆ. ಅಲ್ಲಿಗೆ ಹೋಗುವವರಿಗೆ ರಾಜ್ಯದ ದೃಢೀಕರಣದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಬಿದ್ದರೆ ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ನಾನು ಹೊರಟಾಗ ಥಾಯ್ಲೆಂಡ್ ಸೇರಿರಲಿಲ್ಲ. ಹಾಗಾಗಿ ಮೊದಲು ರಾಜ್ಯ, ಆಮೇಲೆ ಸಚಿವಾಲಯ, ಕೊನೆಗೆ ರಾಯಭಾರ ಕಚೇರಿ ಎಂದು ಮೆಟ್ಟಿಲು ಹತ್ತಬೇಕಾಯಿತು. ಸೇರುವ ದೇಶ ಯಾವ ಪಟ್ಟಿಯಲ್ಲಿದೆ ಎಂದು ನೋಡಿಕೊಂಡೇ ಶುರುಮಾಡಿ. ಏಜೆಂಟರು ಎಲ್ಲದಕ್ಕೂ ‘ಅಪೊಸ್ಟಿಲ್ ಮಾಡಿಸಿದ್ರೆ ಆಯ್ತು’ ಎನ್ನುತ್ತಾರೆ.

ಇನ್ನೊಂದು ನಮ್ಮ ಹೆಸರಿನ ಪಾಡು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅರ್ಜಿಗಳು ಆ ಜಾಗ ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ. ನನಗೊಬ್ಬಳಿಗೇ ಈ ಕಷ್ಟ ಅಂದುಕೊಂಡಿದ್ದೆ; ಜಾವಾದಿಂದ ಬಂದ ಸಹಪಾಠಿಗೆ ಇಡೀ ಜೀವನಕ್ಕೆ ಒಂದೇ ಹೆಸರು, ವಿಯೆಟ್ನಾಂನವಳಿಗೆ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಕೊನೆಗೆ. ಹಾಜರಿ ಪಟ್ಟಿಯಲ್ಲಿ ನಾವು ಮೂವರೂ ತಪ್ಪಾಗಿಯೇ ಇದ್ದೆವು.

ಸಾಲದ ವಿಷಯಕ್ಕೆ ಬರುತ್ತೇನೆ. ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ 4 ಲಕ್ಷದವರೆಗೆ ಆಧಾರ ಬೇಡ, ಏಳೂವರೆ ಲಕ್ಷದವರೆಗೆ ಇನ್ನೊಬ್ಬರ ಜಾಮೀನು, ಅದರ ಮೇಲೆ ಆಸ್ತಿಯ ಆಧಾರ. ನನಗೆ ಬೇಕಿದ್ದದ್ದು ಅದರ ಮೇಲಿನದ್ದು. ಅಪ್ಪಯ್ಯ ಪಹಣಿ, ಮ್ಯುಟೇಶನ್, ಇ.ಸಿ. ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ಮ್ಯಾನೇಜರು ಪಹಣಿ ನೋಡಿ ವಾಪಸ್ ಕೊಟ್ಟರು. “ತೋಟ ಆಗಲ್ಲ ಯಜಮಾನ್ರೇ. ಸೈಟು, ಮನೆ ಏನಾದ್ರೂ ಇದ್ರೆ ಹೇಳಿ.” ಅಪ್ಪಯ್ಯನಿಗೆ ಇದು ಅವಮಾನದಂತೆ ಕಂಡಿತು. ಸೊಸೈಟಿಯಲ್ಲಿ ಇದೇ ಪಹಣಿಗೆ ಬೆಳೆ ಸಾಲ ಸಿಗುತ್ತದೆ, ಇಲ್ಲಿ ಯಾಕೆ ಆಗುವುದಿಲ್ಲ? ಮ್ಯಾನೇಜರು ತಾಳ್ಮೆಯಿಂದಲೇ ವಿವರಿಸಿದರು. 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ವಶಪಡಿಸಿಕೊಂಡು ಹರಾಜು ಹಾಕಬಹುದು. ಆದರೆ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಅದರಿಂದ ಹೊರಗಿಟ್ಟಿದೆ. ಸುಲಭವಾಗಿ ಹರಾಜು ಹಾಕಲಾಗದ ಆಸ್ತಿ ಬ್ಯಾಂಕಿಗೆ ಆಸ್ತಿಯೇ ಅಲ್ಲ. ಕೊನೆಗೆ ಮಾವ ತಮ್ಮ ಶಿವಮೊಗ್ಗದ ಸೈಟಿನ ಪತ್ರ ಕೊಟ್ಟರು. ಈ 31ನೇ ಸೆಕ್ಷನ್ನಿಗೆ ವಿಯೆಟ್ನಾಂನಲ್ಲಿ ಮತ್ತೆ ಬರುತ್ತೇನೆ.

ಸಾಲದಿಂದ ಹಣ ಹೊರಗೆ ಕಳಿಸುವಾಗ ಆ ವರ್ಷ 7 ಲಕ್ಷ ಮೀರಿದ ಮೊತ್ತಕ್ಕೆ ಅರ್ಧ ಪರ್ಸೆಂಟ್ ಟಿಸಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಹಿಡಿದರು. ರಿಟರ್ನ್ ಹಾಕಿದರೆ ಹೊಂದಿಕೆಯಾಗುವ ಹಣ ಅದು. 2025ರ ಏಪ್ರಿಲಿನಿಂದ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅದೂ ಇಲ್ಲ.

2024ರ ಆಗಸ್ಟಿನಲ್ಲಿ ತರಗತಿ ಶುರು. ಮೊದಲ ವಾರ ಒಬ್ಬ ಪ್ರೊಫೆಸರು ಗೋಡೆಗೆ ಭೂಪಟ ಹಾಕಿ, ಇಲ್ಲಿ ‘ಒಂದು ಮಾರುಕಟ್ಟೆ’ ಎಲ್ಲಿದೆ ತೋರಿಸಿ ಎಂದರು. ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ ಆಸಿಯಾನ್ ಹುಟ್ಟಿದ್ದು 1967ರ ಆಗಸ್ಟ್ 8ರಂದು, ಅದೇ ಬ್ಯಾಂಕಾಕ್‌ನಲ್ಲಿ, ಐದು ದೇಶ ಸೇರಿ. ಬ್ರೂನೈ 1984ರಲ್ಲಿ, ವಿಯೆಟ್ನಾಂ 1995ರಲ್ಲಿ, ಲಾವೋಸ್, ಮ್ಯಾನ್ಮಾರ್ 1997ರಲ್ಲಿ, ಕಾಂಬೋಡಿಯಾ 1999ರಲ್ಲಿ ಬಂದವು. ನಾವು ಓದುವಾಗ ಹತ್ತು ದೇಶ; ಮುಗಿಸಿ ಬಂದ ಮೇಲೆ, 2025ರ ಅಕ್ಟೋಬರಿನಲ್ಲಿ, ಪೂರ್ವ ತಿಮೋರ್ ಹನ್ನೊಂದನೆಯದಾಯಿತು. ಒಟ್ಟು ಜನ 68 ಕೋಟಿಯ ಸುಮಾರು. ಸಿಂಗಾಪುರದ ತಲಾ ಆದಾಯ 80 ಸಾವಿರ ಡಾಲರ್ ದಾಟಿದೆ, ಮ್ಯಾನ್ಮಾರಿನದ್ದು ಒಂದೂವರೆ ಸಾವಿರವನ್ನೂ ಮುಟ್ಟುವುದಿಲ್ಲ. ಇಂಡೋನೇಷ್ಯಾ ಒಂದಕ್ಕೇ 17 ಸಾವಿರಕ್ಕೂ ಹೆಚ್ಚು ದ್ವೀಪ. 2008ರಲ್ಲಿ ಜಾರಿಗೆ ಬಂದ ಆಸಿಯಾನ್ ಸನ್ನದಿನ 20ನೇ ವಿಧಿಯ ಪ್ರಕಾರ ಎಲ್ಲ ತೀರ್ಮಾನವೂ ಸಮಾಲೋಚನೆ ಮತ್ತು ಸಹಮತದಿಂದ ಆಗಬೇಕು. ಬಹುಮತದ ಮಾತೇ ಇಲ್ಲ. ಇದನ್ನು ಓದಿ ಯುರೋಪಿನಿಂದ ಬಂದ ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ನಾಲ್ಕು ಅಣ್ಣತಮ್ಮಂದಿರ ಹಿಸ್ಸೆಯಾಗದ ತೋಟದಲ್ಲಿ ಒಂದು ಪಂಪ್‌ಸೆಟ್ ಕೊಳ್ಳುವ ತೀರ್ಮಾನ ಹೇಗಾಗುತ್ತದೆ ಎಂದು ನೋಡಿಕೊಂಡೇ ಬೆಳೆದವಳು ನಾನು. ತಡವಾಗುತ್ತದೆ, ಆದರೆ ಆದಮೇಲೆ ಯಾರೂ ಪಂಪಿನ ವೈರು ಕೀಳುವುದಿಲ್ಲ.

ಪಾಠದಲ್ಲಿ ಗೀರ್ಟ್ ಹಾಫ್‌ಸ್ಟೆಡ್ ಬಂದೇ ಬರುತ್ತಾನೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಡಚ್ ವಿದ್ವಾಂಸ. 1960ರ ದಶಕದ ಕೊನೆಯಿಂದ ಐಬಿಎಂ ಕಂಪನಿಯ ನಾನಾ ದೇಶಗಳ ನೌಕರರಿಂದ ಉತ್ತರ ತುಂಬಿಸಿಕೊಂಡು ಸಂಸ್ಕೃತಿಗಳಿಗೆ ಅಂಕ ಕೊಟ್ಟವನು. ಅಧಿಕಾರದ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬ ಅಳತೆಯಲ್ಲಿ ಮಲೇಷ್ಯಾಕ್ಕೆ 104, ಫಿಲಿಪ್ಪೀನ್ಸಿಗೆ 94, ಭಾರತಕ್ಕೆ 77, ಥಾಯ್ಲೆಂಡಿಗೆ 64. ನೂರರ ಅಳತೆಯಲ್ಲಿ 104 ಬಂದಾಗಲೇ ಅಳತೆಗೋಲಿನ ಬಗ್ಗೆ ಅನುಮಾನ ಬರಬೇಕಿತ್ತು ಎಂದು ಮಲೇಷ್ಯಾದ ಸಹಪಾಠಿಯೇ ಹೇಳಿದಳು. ಒಂದೇ ಕಂಪನಿಯ ನೌಕರರಿಂದ ಇಡೀ ದೇಶವನ್ನು ಅಳೆಯುವುದು ನನಗಂತೂ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಆದರೆ ಪರೀಕ್ಷೆಯಲ್ಲಿ ಬರೆದೆ, ಒಳ್ಳೆಯ ಅಂಕವೂ ಬಂತು.

ನಿಜವಾದ ಪಾಠ ತಂಡದ ಕೆಲಸದಲ್ಲಿತ್ತು. ನಮ್ಮ ತಂಡದಲ್ಲಿ ಥಾಯ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂ ಒಬ್ಬೊಬ್ಬರು, ಜೊತೆಗೆ ನಾನು. ಮೊದಲ ಜಗಳ ಯಾವ ಆ್ಯಪ್‌ನಲ್ಲಿ ಮಾತಾಡುವುದು ಎಂಬುದಕ್ಕೆ. ಥಾಯ್ಲೆಂಡಿನವರಿಗೆ ಲೈನ್, ವಿಯೆಟ್ನಾಂನವರಿಗೆ ಝಾಲೋ, ಫಿಲಿಪ್ಪೀನ್ಸಿನವರಿಗೆ ಮೆಸೆಂಜರ್, ಇಂಡೋನೇಷ್ಯಾಕ್ಕೂ ನನಗೂ ವಾಟ್ಸ್‌ಆ್ಯಪ್. ಇದು ಹುಡುಗಾಟದ ವಿಷಯವಲ್ಲ. ಅಲ್ಲಿ ವ್ಯಾಪಾರ ಮಾಡುವವನು ಗ್ರಾಹಕನ ಜೊತೆ ಇಷ್ಟೂ ಕಡೆ ಇರಬೇಕು. ಥಾಯ್ ಹುಡುಗಿ ಸಭೆಯಲ್ಲಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ರಾತ್ರಿ ಲೈನ್‌ನಲ್ಲಿ ನನಗೊಬ್ಬಳಿಗೇ ಉದ್ದದ ಸಂದೇಶ, ಯೋಜನೆಯಲ್ಲಿ ಏನೇನು ಸರಿಯಿಲ್ಲವೆಂದು. ಅವಳು ಹೇಳಿದ್ದು ಪ್ರತಿ ಸಲವೂ ಸರಿಯೇ ಇರುತ್ತಿತ್ತು. ಎದುರಿಗೆ ‘ನೋಡುವ, ಮಾಡುವ’ ಅಂದು ಆಮೇಲೆ ಬೇರೆಯವರ ಕೈಲಿ ಹೇಳಿಕಳಿಸುವ ಬೆಳೆಗಾರರನ್ನು ಮಂಡಿಯಲ್ಲಿ ಬೇಕಾದಷ್ಟು ಕಂಡಿದ್ದೆ, ಹಾಗಾಗಿ ಸಭೆ ಮುಗಿದ ಮೇಲೆ ನಾನೇ ಅವಳ ಜೊತೆ ಕಾಫಿಗೆ ಹೋಗುವ ರೂಢಿ ಮಾಡಿಕೊಂಡೆ. ತಂಡದ ಅರ್ಧ ತೀರ್ಮಾನ ಅಲ್ಲೇ ಆದದ್ದು. ವಿಯೆಟ್ನಾಂನವಳು ಇದಕ್ಕೆ ತೀರಾ ವಿರುದ್ಧ. ‘ನಿನ್ನ ಲೆಕ್ಕ ತಪ್ಪು’ ಎಂದು ಮುಖಕ್ಕೇ ಹೇಳಿ, ಪಕ್ಕದಲ್ಲಿ ಕೂತು ತಿದ್ದಿಕೊಡುತ್ತಿದ್ದಳು. ಹಾಫ್‌ಸ್ಟೆಡ್‌ನ ಪಟ್ಟಿಯಲ್ಲಿ ವಿಯೆಟ್ನಾಂಗೆ ಥಾಯ್ಲೆಂಡಿಗಿಂತ ಹೆಚ್ಚು, 70. ಏನೆನ್ನೋಣ?

ಕ್ಯಾಲೆಂಡರು ಇನ್ನೊಂದು ತಲೆನೋವು. ಥಾಯ್ ಕಾಗದಗಳಲ್ಲಿ ಬುದ್ಧ ಶಕೆ. ನಮ್ಮ 2024 ಅವರಿಗೆ 2567. 2025ರ ಜನವರಿ 29ಕ್ಕೆ ಅಲ್ಲಿನ ಹೊಸವರ್ಷ ಟೆಟ್, ವಿಯೆಟ್ನಾಂ ಪೂರ್ತಿ ಬಂದ್. ಮಾರ್ಚ್ ಇಡೀ ರಂಜಾನ್, ತಿಂಗಳ ಕೊನೆಯಲ್ಲಿ ಇಂಡೋನೇಷ್ಯಾದವನು ಊರಿಗೆ. ಏಪ್ರಿಲ್ ನಡುವೆ ಥಾಯ್ ಹೊಸವರ್ಷ ಸೋಂಗ್‌ಕ್ರಾನ್, ಅದರ ಬೆನ್ನಿಗೇ ಫಿಲಿಪ್ಪೀನ್ಸಿನ ಗುಡ್ ಫ್ರೈಡೆ. ನಮ್ಮ ಯುಗಾದಿ ಮಾರ್ಚ್ 30ಕ್ಕೆ ಬಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಇನ್ನೊಂದು ರಜೆಯ ಭಾರ ತಂಡ ತಾಳುತ್ತಿರಲಿಲ್ಲ. ನಾಲ್ಕು ದೇಶಕ್ಕೆ ಮಾಲು ಕಳಿಸುವ ಒಂದು ಸಣ್ಣ ಕಂಪನಿ ಈ ನಾಲ್ಕು ತಿಂಗಳಲ್ಲಿ ಸರಕು ಎಲ್ಲಿ, ಎಷ್ಟು ದಿನ ಮುಂಚೆ ಇಟ್ಟಿರಬೇಕು ಎಂದು ಲೆಕ್ಕ ಹಾಕುವುದೇ ನಮ್ಮ ಒಂದು ಅಸೈನ್‌ಮೆಂಟ್ ಆಗಿತ್ತು.

ಪಾಠಕ್ಕೆ ಓದಿದ ಕಂಪನಿಗಳ ಕೇಸ್‌ಗಳಲ್ಲಿ ನೆನಪಲ್ಲಿ ಉಳಿದದ್ದು ಬಾಡಿಗೆ ವಾಹನದ ಆ್ಯಪ್ ಗ್ರ್ಯಾಬ್. 2012ರಲ್ಲಿ ಮಲೇಷ್ಯಾದಲ್ಲಿ ‘ಮೈಟೆಕ್ಸಿ’ ಎಂದು ಶುರುವಾದದ್ದು. ಊಬರ್ ಕಾರ್ಡು ಕೇಳುವಾಗ ಇವರು ನಗದು ತೆಗೆದುಕೊಂಡರು, ಕಾರು ಓಡದ ಗಲ್ಲಿಗೆ ಬೈಕು ಬಿಟ್ಟರು. 2018ರ ಮಾರ್ಚಿನಲ್ಲಿ ಊಬರ್ ಇಡೀ ಆಗ್ನೇಯ ಏಷ್ಯಾದ ವ್ಯವಹಾರವನ್ನು ಗ್ರ್ಯಾಬ್‌ಗೆ ಒಪ್ಪಿಸಿ, ಬದಲಿಗೆ ಶೇ 27.5 ಪಾಲು ಪಡೆದು ಹೊರಟಿತು. ಇಲ್ಲಿಗೆ ಕೇಸು ಮುಗಿಯುತ್ತದೆ, ‘ಸ್ಥಳೀಯ ಜ್ಞಾನ ಗೆದ್ದಿತು’ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಅದೇ ವರ್ಷ ಸಿಂಗಾಪುರದ ಸ್ಪರ್ಧಾ ಆಯೋಗ ಸ್ಪರ್ಧೆ ಕಡಿಮೆಯಾಯಿತೆಂದು ಇಬ್ಬರಿಗೂ ಸೇರಿ ಸುಮಾರು 1.3 ಕೋಟಿ ಸಿಂಗಾಪುರ ಡಾಲರ್ ದಂಡ ಹಾಕಿತು. ಗೆದ್ದ ಸ್ಥಳೀಯನ ಎದುರು ಬೈಕ್ ಚಾಲಕನ ಪಾಡೇನು ಎಂದು ಜಕಾರ್ತಾದವನು ಕೇಳಿದಾಗ ತರಗತಿ ಸುಮ್ಮನಾಯಿತು. ಇಂಥ ಪ್ರಶ್ನೆಗೆ ಅಂಕವಿಲ್ಲ.

ಕ್ವಾಲಾಲಂಪುರದ ವಾರಗಳು ಹಲಾಲ್ ಪ್ರಮಾಣಪತ್ರದ ವ್ಯವಸ್ಥೆ ನೋಡುವುದರಲ್ಲಿ ಹೋದವು. ಮಲೇಷ್ಯಾದ ಜಾಕಿಮ್ ಸಂಸ್ಥೆಯ ಮುದ್ರೆ ಇದ್ದರೆ ಬಾಗಿಲು ತೆರೆದ ಹಾಗೆ. ಇಂಡೋನೇಷ್ಯಾ 2014ರಲ್ಲೇ ಕಾನೂನು ಮಾಡಿ, 2024ರ ಅಕ್ಟೋಬರಿನಿಂದ ಆಹಾರಕ್ಕೆ ಹಂತಹಂತವಾಗಿ ಕಡ್ಡಾಯ ಮಾಡುತ್ತಿದೆ. ಓಡಾಟದ ಕುರಿತು ಒಂದು ಎಚ್ಚರಿಕೆ ಮಾತ್ರ. ಥಾಯ್ ವಿದ್ಯಾರ್ಥಿ ವೀಸಾ ಇದ್ದವರು ರೀ-ಎಂಟ್ರಿ ಪರ್ಮಿಟ್ ಮಾಡಿಸದೆ ಗಡಿ ದಾಟಿದರೆ ವೀಸಾ ಅಲ್ಲಿಗೇ ರದ್ದು. ಒಂದು ಸಲಕ್ಕೆ ಸಾವಿರ ಬಾತ್, ಹಲವು ಸಲಕ್ಕೆ 3,800. ಬಹುದೇಶದ ಕೋರ್ಸು ಅಂದಮೇಲೆ ಎರಡನೆಯದೇ ವಾಸಿ.

ಊಟದ ಬಗ್ಗೆ ಅಮ್ಮನಿಗೆ ಇದ್ದ ಚಿಂತೆ ಬೇರೆ ಯಾವುದಕ್ಕೂ ಇರಲಿಲ್ಲ. ಬ್ಯಾಂಕಾಕ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿಯಲ್ಲಿ ಮಾಂಸವಷ್ಟೇ ಅಲ್ಲ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ ಎಂದು ತಿಳಿದ ದಿನ ಅವಳ ಮನಸ್ಸು ತಣ್ಣಗಾಯಿತು. ವಿಯೆಟ್ನಾಂನಲ್ಲಿ ಹುಣ್ಣಿಮೆಗೂ ಪಾಡ್ಯಕ್ಕೂ ಬೀದಿಯ ಎಷ್ಟೋ ಗಾಡಿಗಳೇ ಸಸ್ಯಾಹಾರಕ್ಕೆ ತಿರುಗುತ್ತವೆ. ಅಲ್ಲಿನ ಮದುವೆಯ ತಟ್ಟೆಯಲ್ಲಿ ವೀಳ್ಯದೆಲೆ, ಗೊನೆಯಿಂದ ತೆಗೆದ ಹಸಿ ಅಡಿಕೆ. ಫೋಟೊ ಕಳಿಸಿದೆ. ಅಪ್ಪಯ್ಯ ಕೇಳಿದ್ದು, “ಕಾಯಿ ಸಣ್ಣ ಅಲ್ದಾ?”

ಈಗ ಮೆಣಸಿಗೆ ಬರುತ್ತೇನೆ. 2025ರ ಮಾರ್ಚಿನಲ್ಲಿ ನಮ್ಮ ತಂಡ ಹೋಚಿಮಿನ್ ನಗರದಿಂದ ಬಸ್ಸಿನಲ್ಲಿ ಮಧ್ಯ ಎತ್ತರಸೀಮೆಗೆ ಹೋಯಿತು, ಡಾಕ್ ಲಾಕ್ ಮತ್ತು ಗಿಯಾ ಲಾಯ್ ಪ್ರಾಂತ್ಯಗಳಿಗೆ. ಅದು ಅಲ್ಲಿ ಕೊಯ್ಲಿನ ಕಾಲ, ನಮ್ಮಲ್ಲಿಯಂತೆಯೇ. ಕೆಂಪು ಮಣ್ಣು, ಗುಡ್ಡ, ಕಾಫಿ. ಕಿಟಕಿಯಿಂದ ನೋಡಿದರೆ ಕೊಪ್ಪದ ಕಡೆ ಹೋದ ಹಾಗಿತ್ತು. ಇಳಿದು ತೋಟಕ್ಕೆ ಕಾಲಿಟ್ಟರೆ ಬೇರೆಯೇ ಲೋಕ. ಬಯಲು ಬಿಸಿಲಿನಲ್ಲಿ ಸಾಲುಸಾಲಾಗಿ ಕಾಂಕ್ರೀಟು, ಇಟ್ಟಿಗೆ, ಮರದ ಕಂಬ. ಪ್ರತಿ ಕಂಬಕ್ಕೂ ಮೆಣಸು. ಎಷ್ಟೋ ತೋಟದಲ್ಲಿ ನೆರಳಿಲ್ಲ, ಅಡಿಕೆ ಇಲ್ಲ, ಬೇರೆ ಏನೂ ಇಲ್ಲ. ಗೊಬ್ಬರ, ನೀರು, ಔಷಧಿ ಧಾರಾಳ. ಹೆಕ್ಟೇರಿಗೆ ಎರಡು ಟನ್ ಮೀರಿದ ಇಳುವರಿ ಅವರಿಗೆ ಸಾಮಾನ್ಯ. ಭಾರತದ ಸರಾಸರಿ ಅರ್ಧ ಟನ್ನನ್ನೂ ಮುಟ್ಟುವುದಿಲ್ಲ. ಅವರ ಹೆಕ್ಟೇರು ಮೆಣಸಿನದ್ದೇ, ನಮ್ಮದು ಅಡಿಕೆಯದ್ದೋ ಕಾಫಿಯದ್ದೋ, ಮೆಣಸು ಅದರ ಮೇಲಿನ ಬಾಡಿಗೆದಾರ. ಹಾಗಾಗಿ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ‘ನಮ್ಮವರಿಗೆ ಕೃಷಿ ಬರುವುದಿಲ್ಲ’ ಎನ್ನುವ ವರದಿಗಳನ್ನು ನಾನು ಈಗ ನಂಬುವುದಿಲ್ಲ.

ದರದ ಗುಟ್ಟಿನಲ್ಲಿ ಅರ್ಧ ಭಾಗ ಮಾತ್ರ ಇಳುವರಿ. ಉಳಿದದ್ದು ತಿನ್ನುವವರ ಲೆಕ್ಕ. ವಿಯೆಟ್ನಾಂ ಬೆಳೆದ ಮೆಣಸಿನಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಅವರ ದರ ಜಗತ್ತಿನ ದರ. ನಾವು ಬೆಳೆದದ್ದರಲ್ಲಿ ಬಹುಪಾಲು ನಾವೇ ತಿನ್ನುತ್ತೇವೆ. ನಮ್ಮ ದರ ನಮ್ಮ ಅಡುಗೆಮನೆಗಳದ್ದು, ಸುಂಕದ ಬೇಲಿಯೊಳಗಿನದ್ದು. ಆ ಬೇಲಿಯ ಎತ್ತರ ಒಂದೊಂದು ಕಡೆ ಒಂದೊಂದು. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಆಸಿಯಾನ್ ಸರಕು ಒಪ್ಪಂದದಲ್ಲಿ ಮೆಣಸನ್ನು ವಿಶೇಷ ಸರಕೆಂದು ಇಟ್ಟು, ಸುಂಕವನ್ನು 70ರಿಂದ 50 ಪರ್ಸೆಂಟಿಗೆ ನಿಧಾನವಾಗಿ ಇಳಿಸಿದರು. ಶ್ರೀಲಂಕಾದ ಮೆಣಸಿಗೆ ಮಾತ್ರ ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾದಡಿ 8 ಪರ್ಸೆಂಟ್, ಎರಡು ದೇಶಗಳ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಸುಂಕವೇ ಇಲ್ಲದೆ. ಬೇಲಿ ತಗ್ಗಾದ ಕಡೆ ದನ ನುಗ್ಗುವುದು ಗೊತ್ತೇ ಇದೆ. ವಿಯೆಟ್ನಾಂ ಮೆಣಸು ಲಂಕೆಯ ಕಾಗದ ಹೊತ್ತು ಬರುತ್ತಿದೆ ಎಂಬ ದೂರು ಬೆಳೆಗಾರರಿಂದ ಎದ್ದದ್ದು ಅದಕ್ಕೇ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. 2020ರಲ್ಲಿ ಸರಕು ನಿಜವಾಗಿ ಎಲ್ಲಿ ಹುಟ್ಟಿತೆಂದು ಆಮದುದಾರನೇ ಸಾಬೀತು ಮಾಡಬೇಕೆಂಬ ಕಸ್ಟಮ್ಸ್ ನಿಯಮ ತಂದಿತು. ರಫ್ತಿಗಾಗಿ ಮೆಣಸಿನ ಸಾರ (ಓಲಿಯೊರೆಸಿನ್) ತೆಗೆಯುವ ಕಾರ್ಖಾನೆಗಳು ತರುವ ಮೆಣಸಿಗೆ ಈ ಬೆಲೆಯ ಕಟ್ಟು ಇಲ್ಲ. ಇದೆಲ್ಲ ಸರ್ಕಾರಿ ಆದೇಶಗಳಲ್ಲೇ ಇರುವ ಸಂಗತಿ. ಮಂಡಿಯ ಗೋಡೆಗೆ ಯಾರೂ ಅಂಟಿಸಿರಲಿಲ್ಲ, ಅಷ್ಟೇ.

ಚು ಸೆ ಎಂಬಲ್ಲಿ ಅರ್ಧ ತೋಟಗಳಲ್ಲಿ ಬರೀ ಕಂಬಗಳು ನಿಂತಿದ್ದವು. ಬಳ್ಳಿ ಇಲ್ಲ. ಕಾರಣ ಕೇಳುವ ಮೊದಲೇ ಗೊತ್ತಾಯಿತು. ಒತ್ತಾಗಿ ಹಚ್ಚಿದ ಒಂದೇ ಬೆಳೆ, ಮಳೆಗಾಲದಲ್ಲಿ ಬುಡದಲ್ಲಿ ನಿಂತ ನೀರು, ಫೈಟಾಫ್ಥೊರಾ. ನಮ್ಮ ಶೀಘ್ರ ಸೊರಗು ರೋಗವೇ. 2015ರ ಸುಮಾರಿಗೆ ಅಲ್ಲಿ ಕಿಲೋ ಮೆಣಸಿಗೆ 2 ಲಕ್ಷ ಡಾಂಗ್ ಸಿಗುತ್ತಿತ್ತು. ಜನ ಕಾಫಿ ಕಿತ್ತು ಮೆಣಸು ಹಚ್ಚಿದರು. 2020ರ ಹೊತ್ತಿಗೆ ಅದು 40 ಸಾವಿರದ ಆಸುಪಾಸಿಗೆ ಬಿತ್ತು. ಅದೇ ವರ್ಷಗಳಲ್ಲಿ ನಮ್ಮಲ್ಲಿ ಏಳುನೂರರ ಹತ್ತಿರ ಇದ್ದದ್ದು ಮುನ್ನೂರು ಚಿಲ್ಲರೆಗೆ ಇಳಿದಿತ್ತು. ನಮ್ಮ ದರ ಕೆಡಿಸಿದರು ಎಂದು ನಾವು ಬೈಯುತ್ತಿದ್ದ ಜನ ಆಗ ಇದ್ದದ್ದು ಹೀಗೆ.

ಅಲ್ಲಿ ಭೂಮಿ ಕಾನೂನಿನಲ್ಲಿ ಇಡೀ ಜನರದ್ದು, ಆಡಳಿತ ಸರ್ಕಾರದ್ದು. ರೈತನಿಗೆ ಬಳಕೆಯ ಹಕ್ಕು, ಅದಕ್ಕೊಂದು ಕೆಂಪು ರಟ್ಟಿನ ಪುಸ್ತಕ. ನಮ್ಮ ಪಹಣಿಗಿಂತ ಚಂದ. ಆ ಪುಸ್ತಕವನ್ನು ಬ್ಯಾಂಕಿನಲ್ಲಿ ಇಟ್ಟು ಕಂಬಕ್ಕೆ, ಬಳ್ಳಿಗೆ ಸಾಲ ತೆಗೆದವರು ಎಷ್ಟೋ ಮಂದಿ. ಬಳ್ಳಿ ಸತ್ತು, ದರ ಬಿದ್ದಾಗ ಪುಸ್ತಕ ಬ್ಯಾಂಕಿನಲ್ಲೇ ಉಳಿಯಿತು. ಊರಿಗೆ ಊರೇ ಕೂಲಿಗೆ ನಗರಕ್ಕೆ ಹೋಯಿತು. ನಾವು ಮಾತಾಡಿಸಿದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು, ಮಗ ಸೊಸೆ ಕಾರ್ಖಾನೆಗೆ ಹೋಗಿ ವರ್ಷಗಳಾಗಿದ್ದವು. ತಂಡದ ವರದಿಯಲ್ಲಿ ನಾನು ಒಂದು ಪುಟ 31ನೇ ಸೆಕ್ಷನ್ನಿನ ಬಗ್ಗೆ ಬರೆದೆ. ಶಿವಮೊಗ್ಗದ ಬ್ಯಾಂಕಿನಲ್ಲಿ ಅಪ್ಪಯ್ಯನ ಮುಖ ಕೆಂಪಗಾಗುವ ಹಾಗೆ ಮಾಡಿದ ಆ ಒಂದು ಸಾಲು, ದರ ಬಿದ್ದ 2019ರಲ್ಲಿ ಮಲೆನಾಡಿನ ಅಡಿಕೆ ತೋಟಗಳು ಅಷ್ಟು ಸುಲಭಕ್ಕೆ ಹರಾಜಿಗೆ ಬರದಿರಲು ಒಂದು ಕಾರಣ. ಒಂದೇ ಕಾರಣವಲ್ಲ, ನಮಗೆ ಮೆಣಸು ಬಿದ್ದರೆ ಅಡಿಕೆ ಇತ್ತು. ಇದನ್ನು ಮಂಡಿಸಿದಾಗ ಪ್ರೊಫೆಸರು ಸಾಲ ಸಿಗದಿರುವುದೂ ಒಂದು ನಷ್ಟವೇ ಎಂದು ವಾದಿಸಿದರು. ಹೌದು, ನಷ್ಟವೇ, ಮಾವನ ಸೈಟು ಇಲ್ಲದಿದ್ದರೆ ನಾನು ಆ ಕೋಣೆಯಲ್ಲಿ ಇರುತ್ತಿರಲಿಲ್ಲ. ಆದರೂ ಬಳ್ಳಿಯಿಲ್ಲದ ಆ ಕಂಬಗಳ ನಡುವೆ ನಡೆದು ಬಂದವಳಿಗೆ ಅವರ ಗ್ರಾಫು ಪೂರ್ತಿ ಒಪ್ಪಿಗೆಯಾಗಲಿಲ್ಲ.

ಇನ್ನೊಂದು ಸಂಗತಿ ನನಗೆ ಮನೆಗೆ ಬಂದಷ್ಟು ಸಲೀಸಾಯಿತು. ಅಲ್ಲಿ ರೈತರು ಒಣಗಿದ ಮೆಣಸನ್ನೋ ಕಾಫಿಯನ್ನೋ ಊರ ಏಜೆಂಟನ ಗೋದಾಮಿಗೆ ಹಾಕಿ, ದರ ಕಟ್ಟದೆ ಬಿಟ್ಟುಬರುತ್ತಾರೆ. ದರ ಏರಿದಾಗ ಬಂದು ‘ಇವತ್ತಿನ ಲೆಕ್ಕ ಮಾಡು’ ಎನ್ನುತ್ತಾರೆ; ನಡುವೆ ಬೇಕಾದರೆ ಮುಂಗಡ. ಕೈಬರಹದ ಚೀಟಿ, ನಂಬಿಕೆ. ಏಜೆಂಟ ಆ ಮಾಲನ್ನು ಮಾರಿ ಹಣ ತಿರುಗಿಸುತ್ತಾನೆ, ದರ ಒಮ್ಮೆಲೇ ಏರಿದರೆ ಕೊಡಲಾಗದೆ ಬಾಗಿಲು ಹಾಕಿಕೊಂಡು ಹೋಗುತ್ತಾನೆ. ತಂಡದ ಉಳಿದವರು ‘ಇದು ವಿಚಿತ್ರ’ ಎಂದು ಟಿಪ್ಪಣಿ ಮಾಡುತ್ತಿದ್ದಾಗ ನಾನು ಏಜೆಂಟನ ಬಳಿ ಕೇಳಿದ್ದು ಎರಡೇ: ಬಡ್ಡಿ ಯಾವ ದಿನದಿಂದ ಹಿಡೀತೀರಿ, ಒಣಗಿ ಇಳಿದ ತೂಕ ಯಾರ ತಲೆಗೆ? ಆತ ಅನುವಾದ ಮಾಡುತ್ತಿದ್ದ ಹುಡುಗಿಯನ್ನು ಬಿಟ್ಟು ನನ್ನ ಕಡೆಗೇ ತಿರುಗಿ ಕೂತ. ಆಮೇಲೆ ಮಾತು ಸರಾಗ. ಲೀಟರ್ ತೂಕದ ಡಬ್ಬಿ ತಂದು ತೋರಿಸಿದ. ಅವರ ಸಾಮಾನ್ಯ ಮಾಲು ಲೀಟರಿಗೆ 500 ಗ್ರಾಂ, ಒಳ್ಳೆಯದು 550. ತೇವ ಹದಿಮೂರರ ಒಳಗೆ. ಮಳೆ ಹಿಡಿಯುವ ಮೊದಲು ನೆರಳಲ್ಲಿ ನಿಧಾನ ಮಾಗಿದ ನಮ್ಮ ಕಾಳು ಆ ಡಬ್ಬಿಯಲ್ಲಿ ಎಷ್ಟು ತೂಗೀತು ಎಂದು ಆ ಕ್ಷಣ ನನಗೆ ತಿಳಿದಿರಲಿಲ್ಲ. ಮಲೆನಾಡಿನಲ್ಲಿ ಬಹಳಷ್ಟು ಬೆಳೆಗಾರರು ಮೆಣಸನ್ನು ಚೀಲದ ಲೆಕ್ಕದಲ್ಲೇ ಕೊಟ್ಟುಬಿಡುತ್ತಾರೆ. ಡಬ್ಬಿ ಇರುವುದು ಕೊಳ್ಳುವವನ ಬಳಿ.

ಕೋರ್ಸು ಮುಗಿದ ಮೇಲೆ ಬ್ಯಾಂಕಾಕ್‌ನಲ್ಲೇ ಕೆಲಸ ನೋಡಬಹುದಿತ್ತು. ತಂಡದ ಇಬ್ಬರು ಸಿಂಗಾಪುರದಲ್ಲಿದ್ದಾರೆ, ಸಂಬಳ ಕೇಳಿದರೆ ಹೊಟ್ಟೆ ಉರಿಯುತ್ತದೆ. ನಾನು ಶಿವಮೊಗ್ಗದಲ್ಲಿ ಮಸಾಲೆ ರಫ್ತಿನ ಕಾಗದಪತ್ರ ನೋಡಿಕೊಡುವ ಕೆಲಸ ಹಿಡಿದಿದ್ದೇನೆ. ಮೂಲದ ಪ್ರಮಾಣಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ, ಔಷಧಿ ಉಳಿಕೆಯ ಲ್ಯಾಬ್ ವರದಿ. ಮನೆಗೆ ಬಂದ ಮೊದಲ ವಾರವೇ ಅಪ್ಪಯ್ಯನಿಗೆ ಕಂಬಗಳ ವಿಷಯ, ಕೆಂಪು ಪುಸ್ತಕದ ವಿಷಯ ಎಲ್ಲ ಹೇಳಿದೆ. ಪೂರ್ತಿ ಕೇಳಿ, “ಹಂಗಾದ್ರೆ ಅವ್ರಿಗೂ ಕಟ್ಟದಿಲ್ಲ ಅನ್ನು,” ಎಂದರು. ಆಮೇಲೆ ತೋಟಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವವರು ಬಂದರು, ಮಾತು ಅಲ್ಲಿಗೆ ನಿಂತಿತು.

ಈಗ ನಮ್ಮ ಮನೆಯಲ್ಲೂ ಅಕ್ಕಪಕ್ಕದ ಕೆಲವು ಮನೆಗಳಲ್ಲೂ ಲೀಟರ್ ಡಬ್ಬಿ ಇದೆ. ಜರಡಿ ಹಿಡಿದ ಕಾಳು 550 ದಾಟುತ್ತದೆ, ಹಗುರ ಕಾಳು ಬೇರೆ ಚೀಲಕ್ಕೆ. ಹಳೆಯ ತಂಡದ ಥಾಯ್ ಗೆಳತಿಯ ಮನೆಯವರು ಅಡುಗೆ ಮಸಾಲೆ ಪೊಟ್ಟಣ ಮಾಡುತ್ತಾರೆ. ನೆರಳಿನ ಮೆಣಸಿಗೆ ಬೇರೆ ದರ ಕೊಡಲು ಸಾಧ್ಯವೇ ಎಂದು ಕೇಳಿದ್ದೆ. ‘ತುಂಬಾ ಚೆನ್ನಾಗಿದೆ’ ಎಂದು ಎಲ್ಲರ ಎದುರು ವೀಡಿಯೊ ಕಾಲ್‌ನಲ್ಲಿ ಹೇಳಿದಳು. ರಾತ್ರಿ ಲೈನ್‌ನಲ್ಲಿ ಉದ್ದದ ಸಂದೇಶ ಬಂತು: ಚೀಲದಲ್ಲಿ ಕಡ್ಡಿ ಜಾಸ್ತಿ, ಬೋರ್ಡೋ ಹೊಡೆದ ತೋಟವಾದ್ದರಿಂದ ತಾಮ್ರದ ಉಳಿಕೆಯ ವರದಿ ಬೇಕು, ದರ ಆಮೇಲೆ. ಕಡ್ಡಿ ತೆಗೆಸಿ ಮಾದರಿಯನ್ನು ಲ್ಯಾಬಿಗೆ ಕಳಿಸಿದ್ದೇವೆ.